ಹೇಳಿಕೊಳ್ಳಲು ಒಂದು ಭಾಷೆ

ಶಾಲಾಮಕ್ಕಳಿಗೆ ಅಂತರ್ಜಾಲದ ಸುರಕ್ಷಿತ ಬಳಕೆಯನ್ನು ಕಲಿಸುವುದೆಂದರೆ ನಿಷೇಧಗಳ ಪಟ್ಟಿಯೊಂದನ್ನು ಓದಿಸುವುದು ಎಂಬ ತಿಳಿವಳಿಕೆ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಆಳವಾಗಿ ಬೇರೂರಿದೆ. ಗುಪ್ತಪದವನ್ನು ಯಾರಿಗೂ ಹೇಳಬಾರದು, ಗುರುತಿಲ್ಲದವರೊಡನೆ ಹರಟಬಾರದು, ಚಿತ್ರ ಕಳುಹಿಸಬಾರದು, ಬಂದ ಲಿಂಕನ್ನೆಲ್ಲ ಒತ್ತಬಾರದು ಎಂಬ ಮಾತುಗಳಲ್ಲಿ ಒಂದೂ ತಪ್ಪಲ್ಲ. ಆದರೆ ಗುಪ್ತಪದವನ್ನು ಈಗಾಗಲೇ ಹೇಳಿಬಿಟ್ಟಿರುವ, ಚಿತ್ರವನ್ನು ಈಗಾಗಲೇ ಕಳುಹಿಸಿ ರಾತ್ರಿಯೆಲ್ಲ ನಿದ್ದೆಗೆಟ್ಟಿರುವ ಮಗುವಿಗೆ ಆ ಪಟ್ಟಿ ತಿಳಿಸುವುದು ತಪ್ಪು ನಿನ್ನದೇ ಎಂಬುದನ್ನಷ್ಟೆ. ಯಾರ ಬಳಿಗೆ ಹೋಗಬೇಕು, ಏನೆಂದು ಮಾತು ತೆಗೆಯಬೇಕು, ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕು ಎಂಬುದಕ್ಕೆ ಅದರಲ್ಲಿ ಜಾಗವಿರುವುದಿಲ್ಲ. ಪಾಠ ಮೊದಲಾಗಬೇಕಾದುದು ಅಲ್ಲಿಂದ ಎಂಬುದನ್ನು ಮುಂಬಯಿಯ ಹೊರಸುತ್ತಿನ ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಗಳ ಅನುಭವ ಬೇರೆಲ್ಲ ಊರುಗಳಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ.

ಕಲ್ಯಾಣ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಹನ್ನೆರಡನೆಯ ಶತಮಾನದ ಶರಣರ ಕಲ್ಯಾಣ. ಇಲ್ಲಿ ಪ್ರಸ್ತಾಪಿಸುತ್ತಿರುವುದು ಉಲ್ಲಾಸ ನದಿಯ ದಡದ, ಮಧ್ಯ ರೈಲ್ವೆಯ ದೊಡ್ಡ ಜಂಕ್ಷನ್ ಆಗಿರುವ ಕಲ್ಯಾಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಓಡಿದ ದೇಶದ ಮೊದಲ ಪ್ರಯಾಣಿಕ ರೈಲು ಮರುವರ್ಷವೇ ಕಲ್ಯಾಣವನ್ನು ಮುಟ್ಟಿತು, ಅಂದಿನಿಂದ ಈ ಊರುಗಳ ದಿನಚರಿಯನ್ನು ನಿರ್ಧರಿಸಿದ್ದು ಆ ಹಳಿಗಳೇ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಿಂದ ಕಲ್ಯಾಣಕ್ಕೆ ಸುಮಾರು 54 ಕಿಲೋಮೀಟರ್. ತಂದೆತಾಯಿ ಇಬ್ಬರೂ ದುಡಿಯುವ ಮನೆಯಲ್ಲಿ ಬೆಳಗಿನ ಲೋಕಲ್ ಹಿಡಿದವರು ಮರಳುವಾಗ ಕತ್ತಲಾಗಿರುತ್ತದೆ. ಮಧ್ಯಾಹ್ನ ಶಾಲೆಯಿಂದ ಬಂದ ಮಗುವಿನ ಕೈಯಲ್ಲಿ ಮನೆಯ ಬೀಗದ ಕೈ ಇರುತ್ತದೆ, ತಂದೆತಾಯಿ ಕ್ಷೇಮಸಮಾಚಾರಕ್ಕೆಂದು ಕೊಡಿಸಿದ ಫೋನೂ ಇರುತ್ತದೆ. ಆ ಫೋನನ್ನು ಕಸಿದುಕೊಳ್ಳಿರಿ ಎಂದು ಸಲಹೆ ಕೊಡುವವರು ಈ ಐದಾರು ಗಂಟೆಗಳ ಒಂಟಿತನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಗ್ಗದ ಅಂತರ್ಜಾಲ ದೇಶದ ಕೈಗೆ ಬಂದದ್ದೂ ಒಂದರ್ಥದಲ್ಲಿ ಇದೇ ನೆಲದಿಂದ. 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿ ದತ್ತಾಂಶದ ಬೆಲೆಯನ್ನು ನೆಲಕ್ಕಿಳಿಸಿದ ಜಿಯೋ ಸಂಸ್ಥೆಯ ಕಾರ್ಯಕೇಂದ್ರ ನವಿಮುಂಬಯಿಯ ಘಣಸೋಲಿಯಲ್ಲಿದೆ. ಮಹಾಪೆ, ಐರೋಲಿ, ರಬಾಳೆಗಳ ಹಳೆಯ ಕೈಗಾರಿಕಾ ವಸಾಹತಿನಲ್ಲಿ ಇಂದು ದತ್ತಾಂಶ ಕೇಂದ್ರಗಳು, ಅಂದರೆ ಲಕ್ಷಾಂತರ ಜನರ ಸಂದೇಶ, ಚಿತ್ರ, ಲೆಕ್ಕಪತ್ರಗಳನ್ನು ಕಾಪಿಡುವ ಯಂತ್ರಗಳ ಭವನಗಳು ಸಾಲುಗಟ್ಟಿವೆ. ಅಳಿಸಿದ ಚಿತ್ರ ನಿಜಕ್ಕೂ ಅಳಿಯಿತೇ ಎಂಬ ಪ್ರಶ್ನೆಯನ್ನು ಇಲ್ಲಿಯ ಶಿಕ್ಷಕರು ಕಿಟಕಿಯಾಚೆಗೆ ಕೈತೋರಿಸಿಯೇ ವಿವರಿಸಬಹುದು, ಏಕೆಂದರೆ ಮೋಡದಲ್ಲಿದೆ ಎನ್ನಲಾಗುವ ಸಂಗತಿಗಳು ಇಲ್ಲಿ ಸಿಮೆಂಟು ಗೋಡೆಯ ಹಿಂದೆ ಇವೆ.

ಈ ಪಟ್ಟಣಗಳಲ್ಲಿ ಕನ್ನಡಿಗರ ನೆಲೆ ಹೊಸದಲ್ಲ. ಡೊಂಬಿವಲಿ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯ, ಥಾಣೆಯ ನವೋದಯ ಕನ್ನಡ ಸೇವಾ ಸಂಘದ ಶಾಲೆ ಮುಂತಾದವು ಕರಾವಳಿಯಿಂದ ಹೋಟೆಲು, ಬ್ಯಾಂಕು, ಕಾರ್ಖಾನೆಗಳ ಕೆಲಸಕ್ಕೆ ಬಂದ ಕುಟುಂಬಗಳೊಡನೆ ಬೆಳೆದವು. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆಂದು ಬಂದು ನೆಲೆಸಿದವರೂ ಕಡಿಮೆಯಿಲ್ಲ. ಇಂಥ ಮನೆಯ ಮಗು ಅಮ್ಮನೊಡನೆ ತುಳುವನ್ನೋ ಕನ್ನಡವನ್ನೋ ಆಡುತ್ತದೆ, ಗೆಳೆಯರೊಡನೆ ಮರಾಠಿ, ಬಂಬಯ್ಯಾ ಹಿಂದಿ ಆಡುತ್ತದೆ, ಪಾಠವನ್ನು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಓದುತ್ತದೆ. ಅಂತರ್ಜಾಲದ ಎಚ್ಚರಿಕೆಗಳು ತಲುಪುವುದು ಇಂಗ್ಲಿಷ್, ಹಿಂದಿ ಅಥವಾ ಮರಾಠಿಯಲ್ಲಿ. ಹೀಗಾಗಿ ಅಪಾಯದ ಪದಗಳು ಒಂದು ಭಾಷೆಯಲ್ಲಿ, ಭಯದ ಪದಗಳು ಇನ್ನೊಂದು ಭಾಷೆಯಲ್ಲಿ ಬೇರೆಬೇರೆಯಾಗಿ ಉಳಿಯುತ್ತವೆ. ಶಾಲೆಯಲ್ಲಿ ಕೇಳಿದ ಪಾರಿಭಾಷಿಕ ಪದವನ್ನು ಅಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯದ ಮಗು ಸುಮ್ಮನಾಗುತ್ತದೆ, ವಂಚಕನಿಗೆ ಬೇಕಾದದ್ದೂ ಆ ಮೌನವೇ.

ಇನ್ನು ಪಾಠದ ತಿರುಳಿನ ವಿಷಯ. ಪಠ್ಯಪುಸ್ತಕಗಳ ಕಲ್ಪಿತ ಉದಾಹರಣೆಗಳನ್ನು ಬದಿಗಿಟ್ಟು ಈ ಪ್ರದೇಶದಲ್ಲೇ ನಡೆದು ದೇಶದ ಕಾನೂನನ್ನೂ ಪೊಲೀಸು ವ್ಯವಸ್ಥೆಯನ್ನೂ ಕಲಕಿದ ಘಟನೆಗಳನ್ನು ತರಗತಿಗೆ ತಂದರೆ ವಿದ್ಯಾರ್ಥಿಗಳು ಕಿವಿಗೊಡುತ್ತಾರೆ. ಅವುಗಳಲ್ಲಿ ಮೊದಲನೆಯದು 2012ರ ನವೆಂಬರ್ ತಿಂಗಳದು. ಶಿವಸೇನೆಯ ಸ್ಥಾಪಕ ಬಾಳ ಠಾಕ್ರೆಯವರು ನಿಧನರಾದಾಗ ಮುಂಬಯಿ ಸ್ತಬ್ಧವಾದುದನ್ನು ಪ್ರಶ್ನಿಸಿ ಪಾಲ್ಘರಿನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಳು, ಅವಳ ಗೆಳತಿ ಅದಕ್ಕೆ ಮೆಚ್ಚುಗೆಯ ಗುರುತು ಒತ್ತಿದಳು. ಇಬ್ಬರೂ ಬಂಧಿತರಾದರು, ಬರೆದವಳ ಬಂಧುವಿನ ಆಸ್ಪತ್ರೆಯ ಮೇಲೆ ಗುಂಪು ದಾಳಿ ಮಾಡಿತು. ಪಾಲ್ಘರ್ ಆಗ ಥಾಣೆ ಜಿಲ್ಲೆಯ ಭಾಗವಾಗಿತ್ತು, ಪ್ರತ್ಯೇಕ ಜಿಲ್ಲೆಯಾದುದು 2014ರ ಆಗಸ್ಟ್ 1ರಂದು. ಬಂಧನಕ್ಕೆ ಬಳಸಿದ್ದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮು. ತೀರಾ ಆಕ್ಷೇಪಾರ್ಹವೆನಿಸಿದ ಯಾವುದೇ ಸಂದೇಶ ಕಳುಹಿಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಲು ಅದು ಅವಕಾಶ ಕೊಟ್ಟಿತ್ತು, ಆಕ್ಷೇಪಾರ್ಹವೆಂದರೆ ಏನೆಂಬುದನ್ನು ಮಾತ್ರ ಅದು ಎಲ್ಲಿಯೂ ಹೇಳಿರಲಿಲ್ಲ. ಇಂಥ ಬಂಧನಗಳಿಂದ ಕಳವಳಗೊಂಡ ಶ್ರೇಯಾ ಸಿಂಘಲ್ ಎಂಬ ಯುವತಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು, 2015ರ ಮಾರ್ಚ್ 24ರಂದು ನ್ಯಾಯಾಲಯ ಆ ಕಲಮನ್ನು ಸಂವಿಧಾನಬಾಹಿರವೆಂದು ರದ್ದುಗೊಳಿಸಿತು. ರದ್ದಾದ ಕಲಮಿನಡಿಯೇ ಪೊಲೀಸರು ಮತ್ತೆ ಮತ್ತೆ ಮೊಕದ್ದಮೆ ಹೂಡುತ್ತಿರುವುದನ್ನು ಕಂಡು 2021ರಲ್ಲಿ ಅದೇ ನ್ಯಾಯಾಲಯ ಆಘಾತ ವ್ಯಕ್ತಪಡಿಸಬೇಕಾಯಿತು.

ಈ ಪ್ರಕರಣದಿಂದ ವಿದ್ಯಾರ್ಥಿಗಳಿಗೆ ಬಾಯಿಮುಚ್ಚಿಕೊಂಡಿರುವುದನ್ನು ಕಲಿಸುವುದು ದೊಡ್ಡ ಅನ್ಯಾಯವಾದೀತು. ಜವಾಬ್ದಾರಿಯುತ ಬಳಕೆ ಎಂಬ ಮಾತನ್ನು ವಿಧೇಯತೆ ಎಂಬರ್ಥದಲ್ಲಿ ಬಳಸುವ ಶಾಲೆಗಳು ಬಹಳಷ್ಟಿವೆ. ಪಾಲ್ಘರಿನ ಯುವತಿ ಮಾಡಿದ್ದು ನಾಗರಿಕರೊಬ್ಬರು ಮಾಡಬಹುದಾದ ಸಭ್ಯ ಪ್ರಶ್ನೆ. ತಪ್ಪಿತಸ್ಥರು ಅವಳನ್ನು ಬಂಧಿಸಿದವರು ಮತ್ತು ಆಸ್ಪತ್ರೆಯ ಗಾಜು ಒಡೆದವರು. ಯಾರದೋ ಜಾತಿ, ಧರ್ಮ, ದೇಹವನ್ನು ಹೀಯಾಳಿಸುವ ಮಾತಿಗೂ ಅಧಿಕಾರದಲ್ಲಿರುವವರನ್ನು ಪ್ರಶ್ನಿಸುವ ಮಾತಿಗೂ ನಡುವಿನ ಗೆರೆಯನ್ನು ಗುರುತಿಸಲು ಹದಿನೈದರ ಹುಡುಗಿಗೆ ಬರಬೇಕು. ಒಂದು ಬೆರಳೊತ್ತು ಎಷ್ಟು ದೂರ ಹೋಗಬಲ್ಲದು ಎಂಬ ಅರಿವೂ ಜೊತೆಗೆ ಬರಬೇಕು.

ಎರಡನೆಯ ಪಾಠ ವದಂತಿಯದು, ಇದೊಂದು ಮಾತ್ರ ಈ ಪ್ರದೇಶದ ಆಚೆಯದು. 2018ರ ಬೇಸಿಗೆಯಿಂದ ಮಳೆಗಾಲದವರೆಗೆ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶ ದೇಶವಿಡೀ ಹರಿದಾಡಿತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಭಿಕ್ಷೆಗೆ ಬಂದಿದ್ದ ಅಲೆಮಾರಿ ಗೋಸಾವಿ ಸಮುದಾಯದ ಐವರನ್ನು ಜನ ಹೊಡೆದು ಕೊಂದರು. ಎರಡು ವಾರ ಕಳೆಯುವುದರೊಳಗೆ, ಜುಲೈ 13ರಂದು, ಕರ್ನಾಟಕದ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟ ಕಾರಣಕ್ಕೆ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಅದೇ ರೀತಿ ಪ್ರಾಣ ಕಳೆದುಕೊಂಡರು. ಆ ದಿನಗಳಲ್ಲಿ ಎಲ್ಲೆಡೆ ಓಡಾಡಿದ ದೃಶ್ಯತುಣುಕೊಂದರಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವುದು ಕಾಣುತ್ತಿತ್ತು. ವಾಸ್ತವವಾಗಿ ಅದು ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದು ಜಾಗೃತಿಗಾಗಿ ಮಾಡಿದ ಕಿರುಚಿತ್ರ. ಮೂಲದಲ್ಲಿ ಸವಾರರು ಕೂಡಲೇ ಹಿಂದಿರುಗಿ ಮಗುವನ್ನು ಇಳಿಸಿ, ಮಗುವನ್ನು ಕದಿಯಲು ಎಷ್ಟು ಕಡಿಮೆ ಹೊತ್ತು ಸಾಕೆಂಬ ಫಲಕವನ್ನು ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹರಿಯಬಿಟ್ಟಿದ್ದರು. ಮಕ್ಕಳನ್ನು ಕಾಯಲೆಂದು ಮಾಡಿದ ಚಿತ್ರವೊಂದು ಕೊನೆಯ ಕೆಲವು ಕ್ಷಣಗಳನ್ನು ಕಳೆದುಕೊಂಡು ಜನರನ್ನು ಕೊಲ್ಲಿಸಿತು. ವಾಟ್ಸಾಪ್ ಸಂಸ್ಥೆ ಅದೇ ಜುಲೈನಲ್ಲಿ, ರವಾನಿಸಿದ ಸಂದೇಶಗಳಿಗೆ ಗುರುತು ಹಚ್ಚುವ ಪದ್ಧತಿಯನ್ನು ತಂದು, ಭಾರತದಲ್ಲಿ ಒಮ್ಮೆಗೆ ಐದೇ ಕಡೆಗೆ ರವಾನಿಸುವ ಮಿತಿಯನ್ನು ಹೇರಿತು. ಕಂಪನಿಯ ಈ ಮಿತಿ ಹರಿವನ್ನು ನಿಧಾನಗೊಳಿಸೀತು. ಒಂದು ದೃಶ್ಯದ ಹಿಂದುಮುಂದನ್ನು ಹುಡುಕುವ, ಚಿತ್ರವನ್ನು ಶೋಧಯಂತ್ರಕ್ಕೆ ಕೊಟ್ಟು ಅದರ ಮೂಲ ತಿಳಿಯುವ ಅಭ್ಯಾಸವನ್ನು ತರಗತಿಯೇ ಕಲಿಸಬೇಕು. ಈ ಒಂದು ತುಣುಕಿನ ಕಥೆಯನ್ನು ಎಂಟನೆಯ ತರಗತಿಯಲ್ಲಿ ಒಂದು ಗಂಟೆ ಚರ್ಚಿಸಿದರೆ ಒಂದು ವರ್ಷದ ಎಚ್ಚರಿಕೆಯ ಸುತ್ತೋಲೆಗಳಿಗಿಂತ ಹೆಚ್ಚಿನ ಫಲ ಸಿಗುತ್ತದೆ.

ಸುತ್ತೋಲೆಗಳ ಮಾತು ಬಂದುದರಿಂದ ಶಿಕ್ಷಕರ ಹೊಣೆಯನ್ನೂ ಇಲ್ಲಿಯೇ ಹೇಳಬೇಕು. 2017ರಲ್ಲಿ ಬ್ಲೂ ವೇಲ್ ಎಂಬ ಹೆಸರಿನ ಪ್ರಾಣಾಂತಕ ಆಟದ ಸುದ್ದಿ ಹಬ್ಬಿದಾಗ ದೇಶದ ಅಸಂಖ್ಯ ಶಾಲೆಗಳು ಪೋಷಕರಿಗೆ ಗಾಬರಿಯ ಸಂದೇಶಗಳನ್ನು ಕಳುಹಿಸಿದವು. ಅನಂತರ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ ವರದಿಯಾದ ಪ್ರಕರಣಗಳನ್ನು ಪರಿಶೀಲಿಸಿ, ಅವುಗಳಲ್ಲಿ ಯಾವುದರಲ್ಲಿಯೂ ಆ ಆಟದ ಪಾತ್ರ ಸಾಬೀತಾಗಿಲ್ಲವೆಂದು ತಿಳಿಸಿತು. ನೊಂದ ಮಕ್ಕಳ ನೋವಿನ ನಿಜವಾದ ಕಾರಣಗಳನ್ನು ವಿಚಾರಿಸಬೇಕಾಗಿದ್ದ ಹೊತ್ತಿನಲ್ಲಿ ದೊಡ್ಡವರು ಕಾಣದ ಆಟವೊಂದರ ಹಿಂದೆ ಓಡಿದ್ದರು.

ಮೂರನೆಯ ಘಟನೆ ಕಲ್ಯಾಣದ್ದೇ. 2014ರ ಮೇ ತಿಂಗಳಿನಲ್ಲಿ ಈ ಊರಿನ ನಾಲ್ವರು ಯುವಕರು ಯಾತ್ರಿಕರ ತಂಡದೊಡನೆ ಇರಾಕಿಗೆ ಹೋಗಿ ಅಲ್ಲಿಂದ ಕಣ್ಮರೆಯಾಗಿ ಐಎಸ್ ಉಗ್ರ ಸಂಘಟನೆಯನ್ನು ಸೇರಿದ ಸುದ್ದಿ ದೇಶವನ್ನು ನಡುಗಿಸಿತು. ಅವರಲ್ಲಿ ಒಬ್ಬ ಅದೇ ನವೆಂಬರಿನಲ್ಲಿ ಮರಳಿ ಬಂದು ಬಂಧಿತನಾದ. ಅವರು ಆ ದಾರಿ ಹಿಡಿಯುವುದರಲ್ಲಿ ಅಂತರ್ಜಾಲದ ಪ್ರಚಾರಕ್ಕೂ ಅಲ್ಲಿ ಬೆಳೆದ ಸಂಪರ್ಕಗಳಿಗೂ ದೊಡ್ಡ ಪಾತ್ರವಿತ್ತು. ಈ ಘಟನೆಯನ್ನು ಒಂದು ಸಮುದಾಯದ ಹೆಸರಿಗೆ ಬರೆದು ಕೈತೊಳೆದುಕೊಳ್ಳುವುದು ಸುಲಭ, ಮತ್ತು ಅದು ಅನ್ಯಾಯ. ಕಳವಳಗೊಂಡು ಅಧಿಕಾರಿಗಳ ಮೊರೆಹೋದವರು ಆ ಕುಟುಂಬದವರೇ. ಶಿಕ್ಷಕರು ಗಮನಿಸಬೇಕಾದುದು ಹೀಗೆ ಸೆಳೆಯುವವರ ವಿಧಾನವನ್ನು: ಒಂಟಿತನವನ್ನು ಗುರುತಿಸುವುದು, ಹೊಗಳುವುದು, ನಿನ್ನನ್ನು ಅರ್ಥಮಾಡಿಕೊಳ್ಳುವವನು ನಾನೊಬ್ಬನೇ ಎಂದು ನಂಬಿಸುವುದು, ಗುಟ್ಟೊಂದನ್ನು ಹಂಚಿಕೊಳ್ಳುವುದು, ಮನೆಯವರಿಂದ ದೂರ ಮಾಡುವುದು. ಮಕ್ಕಳನ್ನು ಲೈಂಗಿಕವಾಗಿ ಬಳಸಿಕೊಳ್ಳಲು ಹೊಂಚುಹಾಕುವವರು ಅನುಸರಿಸುವ ಕ್ರಮವೂ ಇದೇ. ಅದನ್ನು ಇಂಗ್ಲಿಷಿನಲ್ಲಿ ಗ್ರೂಮಿಂಗ್ ಎನ್ನುತ್ತಾರೆ, ಕನ್ನಡದಲ್ಲಿ ಪಳಗಿಸುವುದು ಎಂದರೆ ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ, ಏಕೆಂದರೆ ಪಳಗಿಸುವವನು ಮೊದಲು ತಿನ್ನಲು ಕೊಟ್ಟು ಆಮೇಲೆ ಹಗ್ಗ ಹಾಕುತ್ತಾನೆಂಬ ಚಿತ್ರ ಆ ಪದದೊಳಗೇ ಇದೆ.

ನಾಲ್ಕನೆಯದರಲ್ಲಿ ಯುವಕರು ವಂಚನೆಗೆ ಒಳಗಾದವರಲ್ಲ, ವಂಚಿಸಿದವರು. 2016ರ ಅಕ್ಟೋಬರ್ ಮೊದಲ ವಾರದಲ್ಲಿ ಥಾಣೆ ಪೊಲೀಸರು ಮೀರಾರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ನಡೆಸಿ 700ಕ್ಕೂ ಹೆಚ್ಚು ಜನರನ್ನು ವಶಕ್ಕೆ ಪಡೆದು 70 ಮಂದಿಯನ್ನು ಬಂಧಿಸಿದರು. ಅಲ್ಲಿ ಕುಳಿತ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಅಮೆರಿಕದ ತೆರಿಗೆ ಅಧಿಕಾರಿಗಳಂತೆ ಮಾತನಾಡಿ, ಬಾಕಿ ಕಟ್ಟದಿದ್ದರೆ ಬಂಧಿಸುತ್ತೇವೆಂದು ಅಲ್ಲಿನ ಜನರನ್ನು ಹೆದರಿಸಿ ಹಣ ಕೀಳುತ್ತಿದ್ದರು. ಇಂದು ಡಿಜಿಟಲ್ ಅರೆಸ್ಟ್ ಎಂಬ ಹೆಸರಿನಲ್ಲಿ ಭಾರತದ ಹಿರಿಯ ನಾಗರಿಕರನ್ನು ಸುಲಿಯುವ ಕರೆಗಳೂ ಇದೇ ತಂತ್ರವನ್ನು ಬಳಸುತ್ತವೆ. ತೆರಿಗೆ ಅಧಿಕಾರಿಯ ಜಾಗದಲ್ಲಿ ಪೊಲೀಸ್ ಸಮವಸ್ತ್ರ ಬಂದಿದೆ, ಅಷ್ಟೆ. 2024ರ ಅಕ್ಟೋಬರ್ 27ರ ಮನ್ ಕೀ ಬಾತ್ ಕಾರ್ಯಕ್ರಮದಲ್ಲಿ ಪ್ರಧಾನಿಯವರು ಕೇಳಿಸಿದ ಅಂಥ ಕರೆ ವಿಜಯಪುರದ ಕನ್ನಡಿಗರೊಬ್ಬರಿಗೆ ಬಂದದ್ದು. ವೀಡಿಯೊ ಕರೆಯ ಮೂಲಕ ಯಾರನ್ನೂ ಬಂಧಿಸುವ ಅವಕಾಶ ಭಾರತದ ಕಾನೂನಿನಲ್ಲಿಲ್ಲ.

ಕಾಲೇಜು ಮೆಟ್ಟಿಲೇರುತ್ತಿರುವವರಿಗೆ ಈ ಪಾಠದ ಇನ್ನೊಂದು ಮುಖವನ್ನು ಬಿಡಿಸಿ ಹೇಳಬೇಕು. ತಿಂಗಳಿಗೆ ಇಷ್ಟು ಸಾವಿರ ಕೊಡುತ್ತೇವೆ, ನಿನ್ನ ಬ್ಯಾಂಕ್ ಖಾತೆ ಮತ್ತು ಸಿಮ್ ಕಾರ್ಡ್ ನಮಗೆ ಬಿಡು ಎಂದು ಕೇಳುವವರು ಹುಡುಕುವುದು ವಿದ್ಯಾರ್ಥಿಗಳನ್ನೇ. ಕದ್ದ ಹಣವನ್ನು ದಾಟಿಸಲು ಬಳಸುವ ಇಂಥ ಬಾಡಿಗೆ ಖಾತೆಗಳಿಗೆ ಮ್ಯೂಲ್ ಖಾತೆ, ಎಂದರೆ ಹೇಸರಗತ್ತೆಯಂತೆ ಪರರ ಹೊರೆ ಹೊರುವ ಖಾತೆ ಎಂಬ ಹೆಸರಿದೆ. ಪೊಲೀಸರು ಮೊದಲು ಬಾಗಿಲು ತಟ್ಟುವುದು ಖಾತೆಯ ಒಡೆಯನದನ್ನೇ.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ನಾಚಿಕೆಯ ಪ್ರಕರಣ. ಖಾಸಗಿ ಚಿತ್ರವನ್ನು ಮುಂದಿಟ್ಟು ಹಣವನ್ನೋ ಮತ್ತಷ್ಟು ಚಿತ್ರಗಳನ್ನೋ ಕೇಳುವ ಬೆದರಿಕೆ, ಇಲ್ಲದ ಚಿತ್ರವನ್ನು ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿ ಹಂಚುವ ದುಷ್ಟತನ ಇವೆರಡೂ ಹದಿಹರೆಯದವರ ಬೆನ್ನು ಹತ್ತಿವೆ. 2023ರಲ್ಲಿ ಸ್ಪೇನ್ ದೇಶದ ಅಲ್ಮೆಂದ್ರಾಲೆಹೋ ಎಂಬ ಸಣ್ಣ ಪಟ್ಟಣದಲ್ಲಿ ಹುಡುಗಿಯರ ಇಂಥ ಕೃತಕ ಚಿತ್ರಗಳನ್ನು ಹಂಚಿದವರು ಆ ಊರಿನ ಹುಡುಗರೇ ಆಗಿದ್ದರು. ಮರುವರ್ಷ ಬಾಲನ್ಯಾಯಾಲಯ 15 ಮಂದಿಗೆ ಒಂದು ವರ್ಷದ ಪರಿವೀಕ್ಷಣೆಯನ್ನು ವಿಧಿಸಿದಾಗ ತಂತ್ರಜ್ಞಾನದ ಜವಾಬ್ದಾರಿಯುತ ಬಳಕೆಯ ತರಗತಿಗಳಿಗೆ ಹಾಜರಾಗುವುದನ್ನೂ ಶಿಕ್ಷೆಯ ಭಾಗವಾಗಿಸಿತು. ಅಪರಾಧದ ಅನಂತರ ನ್ಯಾಯಾಲಯ ಕಲಿಸಿದ ಆ ಪಾಠವನ್ನು ಶಾಲೆ ಮೊದಲೇ ಕಲಿಸಬಹುದಿತ್ತೆಂಬುದು ಯಾರಿಗಾದರೂ ಹೊಳೆಯುವ ಮಾತು. ಭಾರತದಲ್ಲಿ 18 ವರ್ಷದೊಳಗಿನವರ ಅಶ್ಲೀಲ ಚಿತ್ರಗಳನ್ನು ತಯಾರಿಸುವುದೂ ಹಂಚುವುದೂ ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಡಿಯೂ, 2012ರಲ್ಲಿ ಬಂದ ಪೋಕ್ಸೊ ಕಾಯಿದೆಯಡಿಯೂ ಅಪರಾಧ. ತೊಂದರೆಗೊಳಗಾದ ಮಗುವಿನ ಗುರುತನ್ನು ಬಯಲುಮಾಡುವುದನ್ನು ಪೋಕ್ಸೊ ನಿಷೇಧಿಸುತ್ತದೆ. ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯವೇ ಮೌನಕ್ಕೆ ಕಾರಣವಾಗಿರುವಾಗ ಈ ಕೊನೆಯ ಅಂಶವನ್ನು ಪ್ರತಿ ವಿದ್ಯಾರ್ಥಿಗೂ ತಿಳಿಸಲೇಬೇಕು.

ಅಮೆರಿಕದ ಮಕ್ಕಳ ರಕ್ಷಣಾ ಕೇಂದ್ರವೊಂದು 2023ರಿಂದ ನಡೆಸುತ್ತಿರುವ ಟೇಕ್ ಇಟ್ ಡೌನ್ ಸೇವೆಯ ಬಗೆಗೂ ತಿಳಿದಿರಬೇಕು. ಅಲ್ಲಿ ಚಿತ್ರವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಫೋನಿನಲ್ಲೇ ಆ ಚಿತ್ರದ ಹ್ಯಾಶ್, ಅಂದರೆ ಬೆರಳಚ್ಚಿನಂಥ ಅಂಕಿಅಕ್ಷರಗಳ ಗುರುತು, ಸಿದ್ಧವಾಗಿ ಅದೊಂದೇ ಹೊರಗೆ ಹೋಗುತ್ತದೆ; ಸೇವೆಯಲ್ಲಿ ಪಾಲುಗೊಂಡ ಜಾಲತಾಣಗಳು ಆ ಗುರುತಿಗೆ ಹೊಂದುವ ಚಿತ್ರವನ್ನು ಪತ್ತೆಹಚ್ಚಿ ತೆಗೆಯುತ್ತವೆ.

ಕನ್ನಡದಲ್ಲಿ ಇದನ್ನೆಲ್ಲ ಕಲಿಸಲು ಸಾಧ್ಯವೇ ಎಂಬ ಸಂದೇಹಕ್ಕೆ ಉತ್ತರವನ್ನು ಮಹಾರಾಷ್ಟ್ರದಲ್ಲಾಗಲೀ ಬೆಂಗಳೂರಿನಲ್ಲಾಗಲೀ ಹುಡುಕಬೇಕಿಲ್ಲ, ಅದು ಕೇರಳದ ಕಾಸರಗೋಡಿನಲ್ಲಿದೆ. ಕೇರಳದ ಶಾಲೆಗಳ ತಂತ್ರಜ್ಞಾನ ಶಿಕ್ಷಣವನ್ನು ನೋಡಿಕೊಳ್ಳುವ ಕೈಟ್ ಎಂಬ ಸರ್ಕಾರಿ ಸಂಸ್ಥೆ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕಗಳನ್ನು ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲಿಯೂ ಹೊರತರುತ್ತದೆ; 2024ರಲ್ಲಿ ಪರಿಷ್ಕೃತವಾದ 5 ಮತ್ತು 7ನೆಯ ತರಗತಿಯ ಪುಸ್ತಕಗಳಲ್ಲಿ ಸುಳ್ಳುಸುದ್ದಿಯನ್ನು ಗುರುತಿಸುವ ಪಾಠಗಳಿವೆ. 2022ರಲ್ಲಿ ಸತ್ಯಮೇವ ಜಯತೇ ಎಂಬ ಹೆಸರಿನಲ್ಲಿ ಆ ರಾಜ್ಯ 19 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಮಾಧ್ಯಮ ಸಾಕ್ಷರತೆಯ ತರಬೇತಿ ಕೊಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಶಾಲೆಗಳ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಘಟಕಗಳ ಮೂಲಕ ಮೂರು ಲಕ್ಷ ತಾಯಂದಿರನ್ನು ಗುರಿಯಾಗಿಟ್ಟುಕೊಂಡು ಸೈಬರ್ ಸುರಕ್ಷತೆಯ ತರಬೇತಿ ಏರ್ಪಟ್ಟಿತು, ಅದರಲ್ಲಿ ಶಿಕ್ಷಕರ ಜೊತೆಗೆ ಮಕ್ಕಳೂ ಪಾಠ ಹೇಳಿದರು. ಮಗು ಮತ್ತು ತಾಯಿ ಒಂದೇ ಪದಗಳನ್ನು ಒಂದೇ ಕೋಣೆಯಲ್ಲಿ ಕಲಿತರೆ ಮುಂದೆ ಎಂದಾದರೂ ಆ ಪದ ಬೇಕಾದಾಗ ಅದು ಇಬ್ಬರ ಬಾಯಲ್ಲೂ ಇರುತ್ತದೆ.

ಮುಂಬಯಿ ಕನ್ನಡಿಗರಿಗೆ ಈ ಕ್ರಮ ಅಪರಿಚಿತವೇನಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿ, ಅಲ್ಲಿ ಓದಿದವರನ್ನು ದಡ ಮುಟ್ಟಿಸಿದ ಸಮುದಾಯವಿದು. ಡೊಂಬಿವಲಿ, ಥಾಣೆ, ನವಿಮುಂಬಯಿಗಳ ಕನ್ನಡ ಸಂಘಗಳಿಗೆ ಸಭಾಗೃಹಗಳಿವೆ, ಭಾನುವಾರಗಳಿವೆ, ಯಕ್ಷಗಾನಕ್ಕೂ ಸತ್ಯನಾರಾಯಣ ಪೂಜೆಗೂ ತಪ್ಪದೆ ಸೇರುವ ತಾಯಂದಿರಿದ್ದಾರೆ. ಯುಪಿಐ ಪಿನ್ ಹಣ ಕಳುಹಿಸಲು ಬೇಕೇ ಹೊರತು ಪಡೆಯಲು ಬೇಡ, ಆದ್ದರಿಂದ ಹಣ ಬರುತ್ತದೆಂದು ಪಿನ್ ಒತ್ತಿಸುವವನು ಕಳ್ಳನೇ ಎಂಬ ಸಣ್ಣ ಸಂಗತಿಯಿಂದ ಮೊದಲ್ಗೊಂಡು ಎಲ್ಲವನ್ನೂ ಅಲ್ಲಿ ಎರಡು ತಲೆಮಾರುಗಳನ್ನು ಒಟ್ಟಿಗೆ ಕೂರಿಸಿ ಹೇಳಬಹುದು.

ಅಂಥ ತರಗತಿಯಲ್ಲಿ ಅಭಿನಯದ ಮೂಲಕ ರೂಢಿಮಾಡಿಸಬೇಕಾದ ಎರಡು ಮಾತುಗಳಿವೆ. ಒಂದು ಮಗುವಿನದು: ನನ್ನಿಂದ ಒಂದು ತಪ್ಪಾಗಿದೆ, ಹೆದರಿಕೆಯಾಗುತ್ತಿದೆ, ಬಯ್ಯದೆ ಕೇಳು. ಇದನ್ನು ಅಮ್ಮನ ಭಾಷೆಯಲ್ಲಿ, ಬಾಯಿಬಿಟ್ಟು, ಕೆಲವು ಸಲ ಹೇಳಿಸಬೇಕು. ಇನ್ನೊಂದು ದೊಡ್ಡವರದು. ಹೀಗೇಕೆ ಮಾಡಿದೆ ಎಂಬುದು ಎಲ್ಲ ತಂದೆತಾಯಿಯರ ಬಾಯಿಗೆ ಮೊದಲು ಬರುವ ಪ್ರಶ್ನೆ. ಅದನ್ನು ತಡೆಹಿಡಿದು, ಯಾವಾಗ ಆಯಿತು ಎಂದು ಕೇಳುವುದನ್ನು ಅವರು ಕಲಿಯಬೇಕು. ಏಕೆಂದರೆ ಹಣ ಹೋಗಿದ್ದರೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿದಾಗ, ಆ ಕರೆ ತಲುಪುವ ರಾಜ್ಯ ಪೊಲೀಸರು ಕೇಳುವುದು ವಹಿವಾಟಿನ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಹೊತ್ತನ್ನು. ಹಣ ಮುಂದಿನ ಖಾತೆಗೆ ದಾಟುವ ಮೊದಲು ಅದನ್ನು ತಡೆಹಿಡಿಸುವ ಸಾಧ್ಯತೆ ಮೊದಲ ಕೆಲವು ಗಂಟೆಗಳಲ್ಲಿಯೇ ಹೆಚ್ಚು. ಬೆದರಿಕೆಯ ಸಂದೇಶವಾದರೆ ಅದನ್ನು ಅಳಿಸದೆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಬೇಕು, ಮಗುವಿಗೆ ತೊಂದರೆಯಾದಾಗಲೆಲ್ಲ 1098 ಇದೆ. ರಾತ್ರಿಯ ಲೋಕಲ್ ಇಳಿದು ಬಂದ ತಂದೆ ಕನ್ನಡದಲ್ಲಿ ಕೇಳಿ ತಿಳಿದುಕೊಂಡದ್ದನ್ನು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಪೊಲೀಸರಿಗೆ ಹೇಳಬೇಕಾಗುತ್ತದೆ. ಆ ಕರೆಯಲ್ಲಿ ಪಕ್ಕದಲ್ಲಿ ಕುಳಿತು ದಿನಾಂಕ, ಹೊತ್ತು, ಸಂಖ್ಯೆಗಳನ್ನು ಒಂದೊಂದಾಗಿ ಒದಗಿಸುವುದು ಬಹುಪಾಲು ಆ ಮಗುವೇ ಆಗಿರುತ್ತದೆ.